ಸೋಣನ ಪಾದಗಳು, ನಮ್ಮ ಮಕ್ಕಳ ಕರಾಟೆ

*ಇಂದಿನ ಚಿಂತನೆ*

ಬಳಗದ ತಾಯಿಯೊಬ್ಬರು ಕೇಳಿದರು: "ಹಿಂಸೆ ಮಾಡುವುದಿಲ್ಲ ಎಂದು ಶೀಲ ತೆಗೆದುಕೊಳ್ಳುವ ನಾವು ಮಗನನ್ನು ಕರಾಟೆಗೆ ಕಳಿಸಬಹುದೇ?"

ಕಳಿಸಬಹುದು ಎಂದೇ ನನ್ನ ಅನಿಸಿಕೆ. ಬುದ್ಧರು ಕರ್ಮವನ್ನು ಅಳೆದದ್ದು ಚೇತನದಿಂದ, ಅಂದರೆ ಉದ್ದೇಶದಿಂದ. ಒಳ್ಳೆಯ ಕ್ಲಾಸಿನಲ್ಲಿ ಮಗು ಎದುರಾಳಿಗೆ ತಲೆಬಾಗುತ್ತದೆ, ಎತ್ತಿದ ಮುಷ್ಟಿಯನ್ನು ತಡೆಯಲು ಕಲಿಯುತ್ತದೆ. ಮೊಬೈಲ್ ಹಿಡಿದು ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಕಾಲಿಗೆ ಬಲ, ಮೈಗೆ ಸಮತೋಲ, ಮನಸ್ಸಿಗೆ ಧೈರ್ಯ ಬರುತ್ತದೆ. ಇದರಲ್ಲಿ ಹಿಂಸೆ ಎಲ್ಲಿದೆ?

ಆದರೆ ಉದ್ದೇಶದ ಪ್ರಶ್ನೆ ಮಗುವಿಗೆ ಮಾತ್ರವಲ್ಲ, ನಮಗೂ ಇದೆ. ದಸರಾದಲ್ಲಿ ನಮ್ಮ ಕುದ್ರೋಳಿಯ ಬೀದಿಯಲ್ಲಿ ಪಿಲಿವೇಷದ ಹುಡುಗರು ತಾಸೆಯ ಪೆಟ್ಟಿಗೆ ಲಾಗ ಹಾಕುತ್ತಾರೆ, ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಎಸೆಯುತ್ತಾರೆ. ಶಿಳ್ಳೆ ಹೊಡೆಯುವವರು ನಾವು, ಕುತ್ತಿಗೆ ಅವರದ್ದು. ಕರಾಟೆಯಲ್ಲೂ ಹಾಗೆಯೇ. ಬೆಲ್ಟಿನ ಆಸೆ, ಪದಕದ ಫೋಟೋ ಸ್ಟೇಟಸ್‌ಗೆ ಹಾಕುವ ಆಸೆ ಹೆಚ್ಚಾಗಿ ನಮ್ಮದೇ. ಅದನ್ನು ಅರಿತ ಮಗು ನೋವಿದ್ದರೂ "ಏನಿಲ್ಲ ಮಾಸ್ಟ್ರೇ" ಅನ್ನುತ್ತದೆ.

ಉಳುಕು, ತರಚು, ಬಾವು ಸಾಮಾನ್ಯ. ವಿಶ್ರಾಂತಿ ಕೊಟ್ಟರೆ ಹೆಚ್ಚಿನವು ಮಾಯುತ್ತವೆ. ತಲೆಯ ಪೆಟ್ಟು ಹಾಗಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ 23ರ ಯುವಕ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ತಲೆಗೆ ತೊಡುವ ಮೆತ್ತನೆಯ ಕವಚ ಮೆದುಳಿನ ಆಘಾತವನ್ನು ತಡೆಯುತ್ತದೆಂದು ನಂಬಿ ಕೂರಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2016ರಲ್ಲಿ ಎಚ್ಚರಿಸಿದೆ.

ಇಲ್ಲಿ ಸೋಣ ಭಿಕ್ಷು ನೆನಪಾಗುತ್ತಾನೆ. ಸುಖದಲ್ಲಿ ಬೆಳೆದ, ಮೆತ್ತನೆಯ ಪಾದಗಳ ಶ್ರೀಮಂತರ ಮಗ. ಸಾಧನೆಯ ಹಟದಲ್ಲಿ ಎಷ್ಟು ನಡೆದನೆಂದರೆ ಪಾದ ಒಡೆದು ದಾರಿಯೆಲ್ಲ ರಕ್ತವಾಯಿತು. ಬುದ್ಧರು ಆತನ ಛಲವನ್ನು ಹೊಗಳಲಿಲ್ಲ. ವೀಣೆಯ ತಂತಿ ತೀರಾ ಬಿಗಿಯಾದರೂ, ತೀರಾ ಸಡಿಲವಾದರೂ ನುಡಿಯದು ಎಂದು ತಿಳಿಹೇಳಿದರು. ಈ ಉಪಮೆ ನಮಗೆಲ್ಲ ಗೊತ್ತು. ಅದರ ಮುಂದಿನ ಮಾತನ್ನು ಮರೆಯುತ್ತೇವೆ: ಬುದ್ಧರು ಸೋಣನಿಗೆ ಪಾದರಕ್ಷೆಗೆ ಅನುಮತಿ ಕೊಟ್ಟರು. ತನಗೊಬ್ಬನಿಗೇ ಆದರೆ ಬೇಡ ಎಂದ ಸೋಣ. ಆಗ ಇಡೀ ಸಂಘಕ್ಕೇ ಅನುಮತಿ ಸಿಕ್ಕಿತು.

ಗುರು ಶಿಷ್ಯನ ನಡಿಗೆಯನ್ನು ನಿಲ್ಲಿಸಲಿಲ್ಲ, ಪಾದವನ್ನು ಕಾಪಾಡಿದರು. ಅದೂ ಎಲ್ಲರ ಪಾದವನ್ನು.

ಮಗುವನ್ನು ಸೇರಿಸುವ ಮೊದಲು ಕ್ಲಾಸಿನಲ್ಲಿ ಒಂದು ದಿನ ಕುಳಿತು ನೋಡೋಣ:
🌸 ತಲೆಗೆ ಹೊಡೆಯದಂತೆ ತಡೆಯುತ್ತಾರೆಯೇ?
🌸 ಮ್ಯಾಟ್ ಇದೆಯೇ? ಪಂದ್ಯದ ದಿನ ವೈದ್ಯರು ಇರುತ್ತಾರೆಯೇ?
🌸 "ಸಾಕು" ಅಂದ ಮಗುವನ್ನು ಯಾರಾದರೂ ನಗುತ್ತಾರೆಯೇ?

ಮೂರನೆಯದೇ ಮುಖ್ಯ. ಸಾಕು ಅನ್ನಲು ನಾಚದ ಮಗು ಮುಂದೆ ಇನ್ನೊಬ್ಬರ "ಸಾಕು" ಅನ್ನೂ ಕೇಳಿಸಿಕೊಳ್ಳುತ್ತದೆ. ಅಹಿಂಸೆಯ ಪಾಠ ಅಲ್ಲಿಂದಲೇ ಶುರು.

*ಇಂದಿನ ಮನನ:* ನನ್ನ ಮಗು ನನ್ನ ಹತ್ತಿರ ಭಯವಿಲ್ಲದೆ "ನೋಯುತ್ತಿದೆ" ಅನ್ನಬಹುದೇ?

ಎಲ್ಲರಿಗೂ ಮಂಗಳವಾಗಲಿ 🪷
– ಅಧ್ಯಯನ ಬಳಗ, ಕುದ್ರೋಳಿ