ಅರಿವೂ ಆರೋಗ್ಯವೂ

ರೋಗ ಬಂದವನಿಗೆ ಮೊದಲು ನೆನಪಾಗತಕ್ಕವನು ವೈದ್ಯನು ಎಂಬುದು ಹಿಂದಿನ ಕಾಲದ ಮಾತು. ಈಗ ಮೊದಲು ನೆನಪಾಗುವುದು ಅಂಗೈಯಲ್ಲಿರುವ ಮೊಬೈಲು. ತಲೆ ನೊಂದರೆ, ಎದೆ ಉರಿದರೆ, ಕಾಲು ಊದಿದರೆ, ಮನೆಯವರು ಅದರಲ್ಲಿ ಪ್ರಶ್ನೆಯನ್ನು ಕೇಳುತ್ತಾರೆ. ಅರೆನಿಮಿಷದೊಳಗೆ ನೂರು ಉತ್ತರಗಳು ಬಂದು ಸಾಲಾಗಿ ನಿಲ್ಲುತ್ತವೆ. ಒಂದು ಕಾಲದಲ್ಲಿ ವೈದ್ಯಗ್ರಂಥದ ಬಾಗಿಲು ತೆರೆಯಬೇಕಾದರೆ ಶಿಷ್ಯನು ವರ್ಷಗಟ್ಟಲೆ ಗುರುಶುಶ್ರೂಷೆ ಮಾಡಬೇಕಾಗಿದ್ದಿತು. ಆ ಬಾಗಿಲು ಈಗ ಎಲ್ಲರಿಗೂ ತೆರೆದಿದೆ. ಇದರಿಂದ ಮನುಷ್ಯನು ಹೆಚ್ಚು ಸ್ವಸ್ಥನಾದನೆ, ಅಥವಾ ಹೆಚ್ಚು ಅಸ್ವಸ್ಥನಾದನೆ? ಅರಿತುಕೊಳ್ಳುವುದರಲ್ಲಿಯೂ, ಅರಿತುದನ್ನು ಇತರರಿಗೆ ತಿಳಿಸುವುದರಲ್ಲಿಯೂ ಧರ್ಮಾಧರ್ಮಗಳ ವಿಚಾರವುಂಟೆ? ಇದು ವಿವೇಕಿಗಳು ಆಲೋಚಿಸತಕ್ಕ ಪ್ರಶ್ನೆ.

ಲಾಭವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮುಖದ ಒಂದು ಪಾರ್ಶ್ವ ವಾಲಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣವೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿದ್ದರೆ, ರೋಗಿಯು ಹೊತ್ತು ಮೀರುವ ಮುಂಚೆ ಆಸ್ಪತ್ರೆಯನ್ನು ಸೇರುವನು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಬೆಳಗಾಗಲಿ ನೋಡೋಣ ಎಂದು ಕುಳಿತವರಿಗೆ ಆ ಅವಕಾಶವು ತಪ್ಪಿಹೋಗುವುದು. ದೂರದ ಹಳ್ಳಿಯವರು ಪಟ್ಟಣದ ವೈದ್ಯರೊಡನೆ ಮಾತನಾಡಲೆಂದು ಸರಕಾರದವರು ೨೦೧೯ರಲ್ಲಿ ಇ-ಸಂಜೀವನಿ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಇಂತಹ ಸಾಧನವನ್ನು ಕೇವಲ ಮಾಯೆಯೆಂದು ಜರೆಯುವುದು ಅವಿಚಾರವೇ ಸರಿ.

ಆದರೆ ನಷ್ಟದ ಲೆಕ್ಕವೂ ಚಿಕ್ಕದಲ್ಲ. ೨೦೧೭ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಕಾರ್ಯವು ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಒಂಬತ್ತು ತಿಂಗಳು ತುಂಬಿದ ಶಿಶುಗಳಿಂದ ಹಿಡಿದು ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬೇಕಾಗಿದ್ದಿತು. ಅದೇ ಸಮಯದಲ್ಲಿ ಲಸಿಕೆಯಿಂದ ಕೇಡಾಗುವುದೆಂಬ ವದಂತಿಯು ವಾಟ್ಸಾಪಿನ ಮೂಲಕ ಹಬ್ಬಿ ಹಲವರು ತಾಯಿತಂದೆಗಳು ಹಿಂಜರಿದರು. ೨೦೨೦ರಲ್ಲಿ, ಮದ್ಯಸಾರವು ಕೊರೋನಾ ರೋಗವನ್ನು ಕೊಲ್ಲುವುದೆಂಬ ಮಾತನ್ನು ನಂಬಿ ಇರಾನ್ ದೇಶದಲ್ಲಿ ನೂರಾರು ಮಂದಿ ಮೆಥನಾಲ್ ಎಂಬ ವಿಷವನ್ನು ಕುಡಿದು ಸತ್ತರು. ಆ ವರ್ಷದ ಫೆಬ್ರವರಿಯಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು, ಲೋಕವು ರೋಗದೊಡನೆ ಮಾತ್ರವಲ್ಲದೆ ಮಾಹಿತಿಯ ಮಹಾಮಾರಿಯೊಡನೆಯೂ ಹೋರಾಡಬೇಕಾಗಿದೆ ಎಂದು ಎಚ್ಚರಿಸಿದ್ದರು.

ಒಂದೇ ಸಾಧನವು ಒಬ್ಬನನ್ನು ಕಾಯುವುದೂ ಮತ್ತೊಬ್ಬನನ್ನು ಕೊಲ್ಲುವುದೂ ಹೇಗೆ? ಭೇದವಿರುವುದು ಬಳಸುವವನಲ್ಲಿ. ಕ್ಯಾಮರಾನ್ ನಾರ್ಮನ್, ಹಾರ್ವೆ ಸ್ಕಿನ್ನರ್ ಎಂಬ ವಿದ್ವಾಂಸರು ೨೦೦೬ರಲ್ಲಿ ಈ ಸಾಮರ್ಥ್ಯಕ್ಕೆ ಆರು ಅಂಗಗಳನ್ನು ಹೇಳಿದರು: ಸಾಮಾನ್ಯ ಓದುಬರಹ, ಮಾಹಿತಿಯನ್ನು ಹುಡುಕುವ ಜ್ಞಾನ, ಸುದ್ದಿಯ ಹಿಂದಿನ ಉದ್ದೇಶವನ್ನು ಕಾಣುವ ಜ್ಞಾನ, ಆರೋಗ್ಯಜ್ಞಾನ, ಯಂತ್ರದ ಬಳಕೆ, ವಿಜ್ಞಾನದ ರೀತಿಯ ಪರಿಚಯ. ಅಕ್ಷರ ಬಲ್ಲವನು ಈ ಆರನ್ನೂ ಬಲ್ಲವನೆಂದು ಭಾವಿಸುವುದೇ ಮೊದಲ ತಪ್ಪು. ಪದವೀಧರರ ಮನೆಗಳಲ್ಲಿಯೂ ವದಂತಿಯು ಸುಖವಾಗಿ ಬಾಳುತ್ತಿರುವುದಕ್ಕೆ ಇದೇ ಕಾರಣ.

ನಮ್ಮ ಪ್ರಾಚೀನರು ಈ ವಿಷಯವನ್ನು ಬೇರೊಂದು ದಾರಿಯಿಂದ ವಿಚಾರಿಸಿರುವರು. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಔಷಧವು ಬಿದ್ದ ಕಡೆ ಸುಮ್ಮನೆ ಬಿದ್ದಿರತಕ್ಕ ಜಡವಸ್ತುವಲ್ಲ ರೋಗಿ. ಅವನೂ ಚಿಕಿತ್ಸೆಯ ಒಂದು ಪಾದ. ಅವನಿಗೂ ನಾಲ್ಕು ಗುಣಗಳಿರಬೇಕು: ಸ್ಮೃತಿ, ನಿರ್ದೇಶದಂತೆ ನಡೆಯುವಿಕೆ, ನಿರ್ಭಯತೆ, ರೋಗವನ್ನು ತಿಳಿಯಹೇಳುವ ಶಕ್ತಿ. ಅಂತರ್ಜಾಲದ ಅರಿವು ಹಿತವೊ ಅಹಿತವೊ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಒರೆಗಲ್ಲು ದೊರೆಯಲಾರದು. ನೋವು ಎಂದು ಆರಂಭವಾಯಿತು, ಯಾವ ಆಹಾರದಿಂದ ಹೆಚ್ಚಿತು ಎಂಬುದನ್ನು ನೆನಪಿಟ್ಟು ವೈದ್ಯನಿಗೆ ಸರಿಯಾಗಿ ಹೇಳಲು ಆ ಅರಿವು ನೆರವಾಯಿತೆ? ಹಾಗಾದರೆ ಅದು ಹಿತ. ಕೊಟ್ಟ ಔಷಧವನ್ನು ಕೇಳದೆ ಕೇಳಿಸದೆ ಬಿಡುವಂತೆ ಮಾಡಿತೆ, ರಾತ್ರಿಯ ನಿದ್ರೆಯನ್ನು ಕೆಡಿಸಿತೆ? ಹಾಗಾದರೆ ಅದು ಎಷ್ಟೇ ಪಾಂಡಿತ್ಯದ ವೇಷದಲ್ಲಿ ಬಂದರೂ ಅಹಿತ.

ನಿರ್ಭಯತೆಯ ವಿಷಯವನ್ನು ಇನ್ನಷ್ಟು ನೋಡಬೇಕು. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾದ ವೈಟ್, ಹಾರ್ವಿಟ್ಸ್ ಎಂಬವರು ೨೦೦೮ರಲ್ಲಿ, ತಲೆನೋವಿನಂತಹ ಸಾಮಾನ್ಯ ಲಕ್ಷಣವನ್ನು ಹುಡುಕಲು ಹೊರಟವರು ಮೆದುಳಿನ ಗೆಡ್ಡೆಯಂತಹ ಅಪರೂಪದ ರೋಗದ ಚಿಂತೆಗೆ ಹೇಗೆ ಏರಿಹೋಗುವರೆಂಬುದನ್ನು ತೋರಿಸಿದರು. ಇದು ತರ್ಕಶಾಸ್ತ್ರದ ಬಾಲಪಾಠವನ್ನು ಮರೆತುದರ ಫಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಏಕೆಂದರೆ ಬೆಂಕಿಯಿಲ್ಲದೆಡೆ ಹೊಗೆಯಿಲ್ಲ. ಸಾಧ್ಯವಿಲ್ಲದ ಸ್ಥಳದಲ್ಲಿಯೂ ತೋರುವ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿರುವರು. ಒಂದು ರೋಗವು ೧,೦೦೦ ಮಂದಿಯಲ್ಲಿ ಒಬ್ಬನಿಗಿದ್ದು, ಅದರ ಲಕ್ಷಣವು ಬೇರೆ ಕಾರಣಗಳಿಂದ ಇನ್ನೂ ೧೦೦ ಮಂದಿಯಲ್ಲಿ ತೋರುವುದೆಂದು ಇಟ್ಟುಕೊಂಡರೆ, ಲಕ್ಷಣವುಳ್ಳ ೧೦೧ ಮಂದಿಯಲ್ಲಿ ರೋಗವುಳ್ಳವನು ಒಬ್ಬನೇ. ಯಂತ್ರವು ಆ ಒಬ್ಬನ ಕಥೆಯನ್ನು ಉಳಿದ ನೂರು ಮಂದಿಗೂ ಓದಿಸುತ್ತದೆ. ಆ ನೂರು ಮಂದಿಯ ಭಯಕ್ಕೆ ಅರಿವು ಕಾರಣವಲ್ಲ, ಅರ್ಧ ಅರಿವು ಕಾರಣ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಸಕ್ಕರೆರೋಗ, ರಕ್ತದ ಒತ್ತಡ ಮೊದಲಾದುವು ಬಹುಕಾಲ ನೋವನ್ನೇ ಕೊಡದೆ ಒಳಗೊಳಗೆ ಕಣ್ಣನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಇಲ್ಲಿ ಮೈ ಹಗುರವಾಗಿದೆಯೆಂಬ ಅನುಭವವು ಪ್ರಮಾಣವಾಗಲಾರದು, ಪರೀಕ್ಷೆಯೇ ಪ್ರಮಾಣ. ಈಗ ಒಂದು ಗೃಹಸ್ಥರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ಸಕ್ಕರೆರೋಗ. ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ಮಗನು, “ಅಪ್ಪಾ, ಇದನ್ನು ತಪ್ಪದೆ ನೋಡಿರಿ” ಎಂದು ಒಂದು ಚಲನಚಿತ್ರದ ತುಣುಕನ್ನು ಕಳುಹಿಸುತ್ತಾನೆ. ಗುಳಿಗೆಗಳು ವ್ಯಾಪಾರಿಗಳ ಮೋಸ, ಹಾಗಲಕಾಯಿಯ ರಸವೊಂದೇ ಸಾಕು ಎಂದು ಅದರಲ್ಲಿ ಬಿಳಿಯ ಅಂಗಿಯವರೊಬ್ಬರು ಸಾರುತ್ತಾರೆ. ಮಗನು ಕಳುಹಿಸಿದುದಲ್ಲವೆ ಎಂಬ ಅಭಿಮಾನದಿಂದ ತಂದೆಯು ಗುಳಿಗೆಯನ್ನು ಬಿಡುತ್ತಾನೆ. ಕೆಲವು ತಿಂಗಳು ಏನೂ ತೋರುವುದಿಲ್ಲ. ಆಮೇಲೆ ಕಾಲಿನಲ್ಲಿ ಆದ ಒಂದು ಸಣ್ಣ ಗಾಯವು ಮಾಯುವುದೇ ಇಲ್ಲ. ಮಗನು ರಜೆ ಹಾಕಿ ಓಡಿಬರುತ್ತಾನೆ. ಶಸ್ತ್ರವೈದ್ಯನು ಬೆರಳನ್ನು ತೆಗೆಯಬೇಕೆನ್ನುತ್ತಾನೆ. ತಂದೆಯು ಮಗನ ಮೇಲೆ ಒಂದು ಮಾತನ್ನೂ ಆಡುವುದಿಲ್ಲ. ಆ ಮೌನವೇ ಮಗನಿಗೆ ಬಯ್ಗಳಿಗಿಂತ ಕಠಿನವಾದ ಶಿಕ್ಷೆ.

ಇಲ್ಲಿ ತಪ್ಪು ಯಾರದು? ಕಳುಹಿಸಿದುದು ಪ್ರೀತಿಯಿಂದ, ಆದುದರಿಂದ ದೋಷವಿಲ್ಲವೆಂದು ಕೆಲವರು ಹೇಳಬಹುದು. ಈ ಸಮಾಧಾನವು ನಿಲ್ಲಲಾರದು. ವಿದ್ಯೆಯನ್ನು ಹಂಚುವುದು ದಾನವಾದರೆ, ದಾನಕ್ಕೆ ದೇಶ, ಕಾಲ, ಪಾತ್ರಗಳ ವಿಚಾರವು ಬೇಡವೆ? ಔಷಧಕ್ಕೂ ಅದೇ ವಿಚಾರ: ಯಾರಿಗೆ, ಯಾವಾಗ, ಎಷ್ಟು? ಎಲ್ಲರಿಗೂ ಬರೆದುಕೊಟ್ಟ ಔಷಧವು ಯಾರಿಗೂ ಬರೆದುಕೊಟ್ಟುದಲ್ಲ. ಎರವಲು ತಂದ ಹಣ್ಣನ್ನೂ ತೊಳೆದು ತಂದೆಗೆ ಕೊಡುವ ಮಗನು ಎರವಲು ತಂದ ಮಾತನ್ನು ತೊಳೆಯದೆ ಕೊಟ್ಟನು, ತಪ್ಪು ಅಲ್ಲಿದೆ. ಪ್ರೀತಿಯು ಪರೀಕ್ಷೆಯಿಂದ ಬಿಡುಗಡೆಯನ್ನು ಕೊಡುವುದಿಲ್ಲ. ಪ್ರಿಯರಾದವರ ವಿಷಯದಲ್ಲಿ ಪರೀಕ್ಷೆಯು ಇನ್ನಷ್ಟು ಕಠಿನವಾಗಿರತಕ್ಕದ್ದು.

ಪರೀಕ್ಷೆ ಹೇಗೆ? ಚರಕಸಂಹಿತೆಯಲ್ಲಿಯೇ ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಭರಣಿ, ಮೂಲಿಕೆ, ಪುಸ್ತಕ, ಮುಖಭಾವಗಳಿಂದಲೇ ವೈದ್ಯನೆನಿಸಿಕೊಂಡ ವೇಷಧಾರಿ ಒಬ್ಬ. ಹೆಸರಾಂತವರ ನೆರಳಿನಲ್ಲಿ ನಿಂತು ಅವರ ಕೀರ್ತಿಯನ್ನು ತನ್ನದೆನ್ನುವವನು ಮತ್ತೊಬ್ಬ. ಶಾಸ್ತ್ರ, ಪ್ರಯೋಗ, ಸಿದ್ಧಿಗಳಿಂದ ಜೀವವನ್ನು ಕಾಯುವವನು ಮೂರನೆಯವನು. ಮೊದಲಿನ ಇಬ್ಬರೂ ಇಂದು ಮೊಬೈಲಿನಲ್ಲಿ ವಾಸವಾಗಿರುವರು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಹೇಳುವವನು ಯಾರು? ಏನನ್ನಾದರೂ ಮಾರುತ್ತಿರುವನೆ? ಯಾವ ಆಧಾರದಿಂದ ಹೇಳುವನು? ಮತ್ತೊಂದು ನಂಬತಕ್ಕ ಮೂಲವೂ ಅದನ್ನೇ ಹೇಳುವುದೆ? ಸಕ್ಕರೆರೋಗ, ಅರ್ಬುದರೋಗ ಮೊದಲಾದುವನ್ನು ವಾಸಿಮಾಡುವುದಾಗಿ ಔಷಧಗಳನ್ನು ಜಾಹೀರು ಮಾಡುವುದನ್ನು ನಮ್ಮ ದೇಶದಲ್ಲಿ ೧೯೫೪ರ ಒಂದು ಕಾನೂನೇ ನಿಷೇಧಿಸಿದೆ. ಹಾಗೆ ಸಾರುವವನು ಮಾತನ್ನು ಆರಂಭಿಸುವಾಗಲೇ ತನ್ನ ಯೋಗ್ಯತೆಯನ್ನು ತಾನೇ ತಿಳಿಸಿದಂತಾಯಿತು.

“ವೈದ್ಯರಿಗೆ ಮಾತನಾಡಲು ಪುರಸತ್ತೇ ಇಲ್ಲ; ಅವರು ಹೇಳದುದನ್ನು ಜನರು ಬೇರೆಲ್ಲಿ ಕೇಳಬೇಕು?” ಎಂಬ ಆಕ್ಷೇಪವು ಯುಕ್ತವಾಗಿದೆ. ರೋಗಿಯು ತಿಳಿಯಹೇಳಬೇಕಾದರೆ ಕಿವಿಗೊಡುವವನು ಇರಬೇಕು. ಓದಿಕೊಂಡು ಬಂದ ರೋಗಿಯನ್ನು ಗದರಿಸುವ ವೈದ್ಯನು ಅವನನ್ನು ವೇಷಧಾರಿಗಳ ಕಡೆಗೆ ತಾನೇ ನೂಕಿದಂತಾಗುವುದು. ಆದರೆ ವೈದ್ಯನ ಲೋಪವು ರೋಗಿಯ ಅವಿವೇಕಕ್ಕೆ ಅನುಮತಿಯಲ್ಲ. ಓದಿದುದನ್ನು ಪ್ರಶ್ನೆಯಾಗಿ ಅವನ ಮುಂದಿಡಬಹುದು, ತೀರ್ಪಾಗಿ ಅಲ್ಲ.

ದೋಷಧಾತುಗಳ ಸಮತೆಯೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯೂ ಇದ್ದವನನ್ನೇ ಸುಶ್ರುತಸಂಹಿತೆಯು ಸ್ವಸ್ಥನೆಂದು ಕರೆಯುವುದು. ರೋಗವೆಲ್ಲವನ್ನೂ ಓದಿ ಪ್ರಸನ್ನತೆಯನ್ನು ಕಳೆದುಕೊಂಡವನು ಅರ್ಧ ಆರೋಗ್ಯವನ್ನು ಕೊಟ್ಟು ಮಾಹಿತಿಯನ್ನು ಕೊಂಡಂತಾಯಿತು. ಏನನ್ನೂ ಅರಿಯೆನೆಂದು ಕಣ್ಣು ಮುಚ್ಚಿದವನು ಉಳಿದರ್ಧವನ್ನು ಕಳೆದುಕೊಳ್ಳುವನು. ಬೇಕಾದಷ್ಟನ್ನು ಅರಿತು, ಅರಿತುದನ್ನು ಒರೆಗೆ ಹಚ್ಚಿ, ಒರೆಗೆ ನಿಲ್ಲದುದನ್ನು ಮುಂದಕ್ಕೆ ಸಾಗಿಸದೆ ತನ್ನಲ್ಲಿಯೇ ತಡೆಯುವುದು ಇಂದಿನ ಗೃಹಸ್ಥನಿಗೆ ಒದಗಿದ ಹೊಸ ಧರ್ಮ. ಅದಕ್ಕೆ ಹಣದ ಖರ್ಚಿಲ್ಲ. ಬೆರಳನ್ನು ಒಂದು ಕ್ಷಣ ತಡೆದರೆ ಸಾಕು. ಆ ಒಂದು ಕ್ಷಣದಲ್ಲಿ ಯಾರದೋ ಮನೆಯ ಹಿರಿಯರು ತಮ್ಮ ಗುಳಿಗೆಯನ್ನು ತಪ್ಪದೆ ನುಂಗುವರು.