ಪಾರಣೆಯ ಎಡೆ ಮತ್ತು ಪರಸ್ಪರಾವಲಂಬನೆಯ ಧ್ಯಾನ

ಚತುರ್ದಶಿಯ ಉಪವಾಸವನ್ನು ಮುಗಿಸಿ ಮರುದಿನ ಪಾರಣೆಗೆ ಕುಳಿತ ಶ್ರಾವಕನ ಎಡೆಯಲ್ಲಿರುವ ಅನ್ನ ಯಾರದು? ಹಣ ತೆತ್ತು ತಂದವನದು ಎಂಬುದು ವ್ಯವಹಾರದ ಉತ್ತರ. ಹೊಸಪೇಟೆಯ ಒಂದು ಮನೆಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡರೆ ಆ ಉತ್ತರ ಸಾಲದೆ ಹೋಗುತ್ತದೆ. ಅಕ್ಕಿ ಕಂಪ್ಲಿಯ ಗದ್ದೆಯದು, ಬೆಲ್ಲ ಅದೇ ಸೀಮೆಯ ಕಬ್ಬಿನದು, ಬಾಳೆಹಣ್ಣು ಕಮಲಾಪುರದ ತೋಟದ್ದು. ರೊಟ್ಟಿ ಬೆಂದ ಹಂಚಿನ ಕಬ್ಬಿಣ ಸಂಡೂರಿನ ಬೆಟ್ಟದಿಂದ ಬಂದಿದ್ದರೂ ಆಶ್ಚರ್ಯವಿಲ್ಲ. ನಾಟಿ ಮಾಡಿದ ಹೆಂಗಸರ ಸೊಂಟದ ನೋವಿಗೆ, ಉಳುಮೆಯಲ್ಲಿ ಅಳಿದ ಲೆಕ್ಕವಿಲ್ಲದ ಜೀವಿಗಳ ಪ್ರಾಣಕ್ಕೆ ಅಂಗಡಿಯ ಚೀಟಿಯಲ್ಲಿ ಬೆಲೆ ಬರೆದಿರುವುದಿಲ್ಲ.

ಒಂದು ತುತ್ತಿನ ಹಿಂದಿರುವ ಈ ಕಾರಣಪರಂಪರೆಯನ್ನು ಕಾಣುವುದನ್ನೇ ಬೌದ್ಧರು ಧ್ಯಾನದ ಒಂದು ಕ್ರಮವನ್ನಾಗಿ ರೂಢಿಸಿಕೊಂಡಿದ್ದಾರೆ. ನಮ್ಮ ಕಾಲದಲ್ಲಿ ಇದನ್ನು ಲೋಕಪ್ರಸಿದ್ಧಗೊಳಿಸಿದವರು ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾಟ್ ಹಾನ್ (1926–2022). ಒಂದು ಹಾಳೆ ಕಾಗದವನ್ನು ದಿಟ್ಟಿಸಿ ನೋಡಿದರೆ ಅದರಲ್ಲಿ ಮರ, ಮಳೆ, ಮೋಡ, ಮರ ಕಡಿದವನು ಎಲ್ಲರೂ ಕಾಣುತ್ತಾರೆ ಎಂದು ಅವರು ಬೋಧಿಸುತ್ತಿದ್ದರು. ಆದರೆ ಪ್ರಾಚೀನ ಬೌದ್ಧಾಗಮಗಳಲ್ಲಿ ಪ್ರತೀತ್ಯಸಮುತ್ಪಾದವೆಂದರೆ ಮುಖ್ಯವಾಗಿ ದುಃಖದ ಹುಟ್ಟನ್ನು ಹೇಳುವ ಹನ್ನೆರಡು ನಿದಾನಗಳ ಸರಪಳಿ. ಅವಿದ್ಯೆಯಿಂದ ಮೊದಲಾಗಿ ಜರಾಮರಣದವರೆಗೆ ಒಂದನ್ನು ಆಶ್ರಯಿಸಿ ಇನ್ನೊಂದು ಉದಿಸುವುದನ್ನು ಅನುಲೋಮವಾಗಿಯೂ, ಒಂದು ಅಡಗಿದರೆ ಇನ್ನೊಂದು ಅಡಗುವುದನ್ನು ಪ್ರತಿಲೋಮವಾಗಿಯೂ ಧ್ಯಾನಿಸುವುದು ಅಲ್ಲಿನ ಪದ್ಧತಿ. ಸಮಸ್ತ ಜಗತ್ತೇ ಒಂದು ಬಲೆಯೆಂಬ ವಿಸ್ತಾರವಾದ ಭಾವನೆ ಮಹಾಯಾನದಲ್ಲಿ ಬೆಳೆಯಿತು. ಈ ಭೇದವನ್ನು ಮರೆತು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಈಚಿನ ರೂಢಿ.

ಈ ಸೀಮೆಗೆ ಬುದ್ಧನ ಮಾತು ಹೊಸದೇನಲ್ಲ. ಕಂಪ್ಲಿಯ ಆಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೋಳಂ ಗ್ರಾಮಗಳಲ್ಲಿ ಅಶೋಕನ ಶಿಲಾಶಾಸನಗಳಿವೆ. ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವೇ ಅವುಗಳ ಉಪದೇಶ. ಇತ್ತ ಹಂಪೆಯಲ್ಲಿ ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬಳಿ ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥು ಜಿನನಾಥನ ಚೈತ್ಯಾಲಯವಿದೆ. ಜನ ಅದನ್ನು ಗಾಣಗಿತ್ತಿಯ ಗುಡಿಯೆನ್ನುತ್ತಾರೆ. ಕುಂಥು ಎಂಬುದು ನಮ್ಮ ಗ್ರಂಥಗಳಲ್ಲಿ ಮೂರಿಂದ್ರಿಯಗಳುಳ್ಳ ಒಂದು ಅತಿಸೂಕ್ಷ್ಮ ಜಂತುವಿನ ಹೆಸರೂ ಹೌದೆಂಬುದನ್ನು ಅಲ್ಲಿ ನಿಂತವರು ನೆನೆಯಬಹುದು.

ಪರಸ್ಪರಾವಲಂಬನೆಯೆಂದರೇನೆಂದು ಈ ಪ್ರಾಂತದವರು 2024ರ ಆಗಸ್ಟ್ 10ರ ರಾತ್ರಿ ಪ್ರತ್ಯಕ್ಷವಾಗಿ ಕಂಡರು. ಹೊಸಪೇಟೆಯ ಸಮೀಪದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರನ್ನು ಹೊರಬಿಡಬೇಕಾಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆದದ್ದು ತಜ್ಞರ ಮತ್ತು ಕೆಲಸಗಾರರ ಸಾಹಸವೇ ಸರಿ. ಆದರೆ ಆ ಒಂದು ವಾರ ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ನಿದ್ರೆಗೆಟ್ಟರು. ಎಲ್ಲಿಯೋ ಒಂದು ಕೊಂಡಿ ಸವೆದರೆ ನೂರಾರು ಮೈಲಿ ದೂರದ ಗದ್ದೆ ಒಣಗುವ ಭಯ!

ಗೇಟು ಹೋದದ್ದು ಯಾರ ತಪ್ಪು ಎಂಬ ಪ್ರಶ್ನೆ ಒಡನೆಯೇ ಎದ್ದಿತು. ನಮ್ಮ ವಿಷಯಕ್ಕೆ ಮುಖ್ಯವಾದ ತೊಡಕು ಇಲ್ಲಿಯೇ ಇದೆ. ಎಲ್ಲವೂ ಎಲ್ಲವನ್ನೂ ಆಶ್ರಯಿಸಿದ್ದರೆ ಪಾಪ ಯಾರದು? ಸಂಡೂರಿನ ಬೆಟ್ಟಗಳಲ್ಲಿ ಅಕ್ರಮ ಗಣಿಗಾರಿಕೆ ನಡೆದ ವರ್ಷಗಳಲ್ಲಿ ಅಗೆದವನು ಅಪ್ಪಣೆಯಂತೆ ಅಗೆದೆನೆಂದನು, ಲಾರಿಯವನು ಬಾಡಿಗೆಗೆ ಸಾಗಿಸಿದೆನೆಂದನು, ಬಂದರಿನವನು ಬಂದದ್ದನ್ನು ಹಡಗಿಗೆ ತುಂಬಿದೆನೆಂದನು. ಪ್ರತಿಯೊಬ್ಬನೂ ಒಂದೊಂದು ಕೊಂಡಿ. ಕರ್ತೃ ಮಾತ್ರ ಯಾರೂ ಇಲ್ಲ. ಹೀಗೆ ಹೇಳುವವರಿಗೆ ಬುದ್ಧನ ಬೆಂಬಲವಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಸಂಕಲ್ಪವನ್ನೇ ಕರ್ಮವೆಂದವನು ಅವನು. ಆದರೂ ಆತ್ಮನನ್ನು ಒಪ್ಪದ ಮತದಲ್ಲಿ ಫಲವನ್ನುಣ್ಣುವವನಾರು ಎಂಬ ಪ್ರಶ್ನೆಗೆ ಅಲ್ಲಿ ದೊರೆಯುವ ಸಮಾಧಾನ ನನಗೆ ತೃಪ್ತಿಕರವೆನಿಸಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳು ಒಂದಕ್ಕೊಂದು ಉಪಕಾರಕಗಳೆಂದಿದ್ದಾರೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ರೂಪುಗೊಂಡ ಲಾಂಛನದ ಕೆಳಗೆ ಆ ಸೂತ್ರವೇ ಇದೆ. ಎಲ್ಲರಿಗೂ ಅದು ಬಾಯಿಪಾಠ. ಆದರೆ ಮುಂದಿನ ಅಧ್ಯಾಯದಲ್ಲಿ ಬರುವ ಲೆಕ್ಕವನ್ನು ಓದುವವರು ಕಡಿಮೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನೋವಚನಕಾಯಗಳು ಮೂರು, ಕೃತ, ಕಾರಿತ, ಅನುಮತ ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಹೇಳುವ ಕಾರಣಗಳಲ್ಲಿ ಇದೂ ಒಂದು. ಈ ಲೆಕ್ಕದ ಪ್ರಕಾರ ಹತ್ತು ಜನ ಕೂಡಿ ಮಾಡಿದ ಹಿಂಸೆ ಹತ್ತು ಪಾಲಾಗಿ ಹಂಚಿಹೋಗುವುದಿಲ್ಲ. ಮಾಡಿದವನಿಗೆ, ಮಾಡಿಸಿದವನಿಗೆ, ಮನಸ್ಸಿನಲ್ಲಿ ಮೆಚ್ಚಿದವನಿಗೆ ಅವರವರ ಕಷಾಯದ ತೀವ್ರತೆಗೆ ತಕ್ಕಂತೆ ಪ್ರತ್ಯೇಕವಾಗಿ ಆಸ್ರವವಾಗುತ್ತದೆ. ಉಪಕಾರ ಪರಸ್ಪರವಾದದ್ದು, ಬಂಧ ಏಕಾಕಿಯಾದದ್ದು; ಏಕತ್ವಾನುಪ್ರೇಕ್ಷೆಯನ್ನು ಇದರೊಡನೆ ಸೇರಿಸಿ ಓದಬೇಕು.

ಆಹಾರದ ವಿಷಯದಲ್ಲಿ ಎರಡೂ ಶ್ರಮಣಪರಂಪರೆಗಳು ಕೇಳಿದ ಪ್ರಶ್ನೆ ಒಂದೇ: ಇದು ನನಗಾಗಿ ಆದದ್ದೇ? ತನಗಾಗಿ ಕೊಂದದ್ದನ್ನು ಕಾಣದೆ, ಕೇಳದೆ, ಶಂಕೆಯೂ ಇಲ್ಲದಿದ್ದರೆ ಭಿಕ್ಷುವು ಮಾಂಸವನ್ನು ಸ್ವೀಕರಿಸಬಹುದೆಂದು ಬೌದ್ಧ ವಿನಯ ಹೇಳುತ್ತದೆ. ನಮ್ಮವರಿಗೆ ಮಾಂಸದ ಮಾತೇ ಇಲ್ಲ. ತನ್ನನ್ನು ಉದ್ದೇಶಿಸಿ ಬೇಯಿಸಿದ ಶುದ್ಧಾನ್ನವನ್ನೂ ಉದ್ದಿಷ್ಟತ್ಯಾಗಿಯು ಒಲ್ಲನು. ಆದರೆ ಗೃಹಸ್ಥನಿಗೆ ಈ ಪಾರು ದಾರಿಯಿಲ್ಲ. ಅವನ ಮನೆಯ ಒಲೆ ಉರಿಯುವುದೇ ಅವನಿಗಾಗಿ.

ಹಾಗಾದರೆ ಬೌದ್ಧರ ಧ್ಯಾನದಿಂದ ಶ್ರಾವಕನು ಕಲಿಯುವುದೇನೂ ಇಲ್ಲವೇ? ಇದೆ, ಅದು ಉಪವಾಸದ ಮಧ್ಯಾಹ್ನದಲ್ಲಿದೆ. ನಿದಾನಗಳಲ್ಲಿ ವೇದನೆಯ ಬೆನ್ನಿಗೇ ತೃಷ್ಣೆ ಬರುತ್ತದೆ. ಹೊಟ್ಟೆಯಲ್ಲಿ ಸಂಕಟವೇಳುವುದು ವೇದನೆ. ನಾಳೆಯ ಪಾರಣೆಗೆ ಇಂಥದ್ದಾಗಲಿ ಎಂದು ನಾಲಗೆ ಬಯಸುವುದು ತೃಷ್ಣೆ. ಇವೆರಡರ ನಡುವೆ ಕೂದಲೆಳೆಯಷ್ಟು ಎಡೆಯಿದ್ದು, ಅಲ್ಲಿ ಎಚ್ಚರದಿಂದಿದ್ದರೆ ಸರಪಳಿ ಮುಂದಕ್ಕೆ ಸಾಗದೆಂಬುದು ಧ್ಯಾನಿಗಳ ಅನುಭವ. ನಮ್ಮಲ್ಲಿಯೂ ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ. ಹಸಿವು ವೇದನೀಯ ಕರ್ಮದ ಉದಯ, ಅದನ್ನು ಅರಿಯುವ ನಾನು ಅದಕ್ಕಿಂತ ಅನ್ಯ ಎಂದು ನಾವು ಭಾವಿಸುತ್ತೇವೆ. ಹಸಿವಿಗೆ ಒಡೆಯನೇ ಇಲ್ಲವೆಂದು ಅವರು ಕಾಣುತ್ತಾರೆ. ಸಿದ್ಧಾಂತ ಬೇರೆಯಾದರೂ ಆ ಗಳಿಗೆಯನ್ನು ಹಿಡಿಯುವ ಕೌಶಲವನ್ನು ಅವರಿಂದ ಪಡೆಯಲು ಸಂಕೋಚವೇಕೆ? ಬೆಳಗಿನಿಂದ ಸಂಜೆಯವರೆಗೆ ಗಡಿಯಾರ ನೋಡುತ್ತ ಕಳೆದ ಉಪವಾಸಕ್ಕಿಂತ ಅದು ಮೇಲು.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪವಾಸದ ದಿನ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂದು ವಿಧಿಸಿದ್ದಾರೆ. ಹೊಟ್ಟೆ ಬರಿದಾಗಿದ್ದು, ಅಂಗಡಿ ತೆರೆದು, ಲಾರಿ ಓಡುತ್ತಿದ್ದರೆ ಅದನ್ನು ಲಂಘನವೆನ್ನಬಹುದೇ ಹೊರತು ಪ್ರೋಷಧವೆನ್ನಲಾಗದು. ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಬೆಟ್ಟಗಳಿಗೆ ಉಸಿರು ಬಂದಿತು. ಆದರೆ ಲಾರಿಗಳನ್ನೇ ನಂಬಿದ್ದ ಚಾಲಕರು, ಪಂಕ್ಚರ್ ಅಂಗಡಿಯವರು, ರಸ್ತೆಬದಿಯ ಹೋಟೆಲಿನವರು ಬರಿಗೈಯಾದರು. ಅವರಲ್ಲಿ ಹೆಚ್ಚಿನವರು ಅಕ್ರಮದಲ್ಲಿ ಪಾಲು ಪಡೆದವರಲ್ಲ. ನಿಲ್ಲಿಸುವುದಕ್ಕೂ ಎಳೆಗಳುಂಟು, ತ್ಯಾಗದ ಭಾರ ತ್ಯಾಗಿಯೊಬ್ಬನ ಮೇಲೆಯೇ ಬೀಳುವುದಿಲ್ಲ. ಆದುದರಿಂದ ಪರ್ವದಿನದಲ್ಲಿ ಅಂಗಡಿಯನ್ನು ಮುಚ್ಚುವ ಶ್ರಾವಕನು ಮೂಟೆ ಹೊರುವ ಹಮಾಲರಿಗೂ ಗುಮಾಸ್ತರಿಗೂ ಆ ದಿನದ ಕೂಲಿಯನ್ನು ಏಕಾಶನದ ದಿನವೇ, ಸಂಜೆ ದೀಪ ಹಚ್ಚುವ ಮೊದಲು, ಕೈಗೆ ಕೊಟ್ಟಿರಬೇಕು.