ಹೊಸ ದೀಪಗಳೂ ರಾತ್ರಿಭೋಜನ ತ್ಯಾಗವೂ

ಸೂರ್ಯಾಸ್ತಮಾನದ ಅನಂತರ ಆಹಾರವನ್ನು ಸ್ವೀಕರಿಸದಿರುವುದು ಶ್ರಾವಕಾಚಾರದ ಮೊದಲ ಮೆಟ್ಟಿಲುಗಳಲ್ಲಿ ಒಂದು. ಕತ್ತಲಲ್ಲಿ ಅನ್ನಕ್ಕೆ ಬೀಳುವ ಜೀವಿಗಳು ಕಾಣಿಸುವುದಿಲ್ಲ; ಕಾಣದೆ ಉಂಡರೆ ಹಿಂಸೆ ತಪ್ಪುವುದಿಲ್ಲ. ಇದು ಹಿರಿಯರು ಮನೆಗಳಲ್ಲಿ ಹೇಳುತ್ತ ಬಂದ ಕಾರಣ. ದುಡಿದು ಇರುಳಾದ ಮೇಲೆ ಮನೆ ಸೇರುವ ಇಂದಿನ ತರುಣನು ಕೇಳುತ್ತಾನೆ: "ಅವರಿಗಿದ್ದುದು ಎಣ್ಣೆಯ ಹಣತೆ. ಈಗ ಅಡುಗೆಮನೆಯಲ್ಲಿ ಹಗಲಿನಂತೆ ಬೆಳಕಿದೆ. ಕಾರಣವೇ ಹೋದ ಮೇಲೆ ವ್ರತವೇಕೆ?" ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಸಲ್ಲದು.

ಆ ಬೆಳಕು ಸಾಮಾನ್ಯ ಸಾಧನೆಯಲ್ಲ. ಎಲ್.ಇ.ಡಿ. ದೀಪದೊಳಗೆ ಬೆಳಕು ಹುಟ್ಟುವ ಪದರದ ದಪ್ಪ ಕೆಲವೇ ನ್ಯಾನೋಮೀಟರು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕೆಂಪು, ಹಸಿರು ದೀಪಗಳು ಮೊದಲೇ ಇದ್ದವು. ಪ್ರಖರವಾದ ನೀಲಿಯಿಲ್ಲದೆ ಬಿಳಿಯ ಬೆಳಕು ಕೂಡಿಬರಲಿಲ್ಲ. ಆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಅವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅದೇ ವರ್ಷ ರಸಾಯನಶಾಸ್ತ್ರದ ಪ್ರಶಸ್ತಿಯು ಸೂಕ್ಷ್ಮದರ್ಶಕದ ದೃಷ್ಟಿಯನ್ನು ಹರಿತಗೊಳಿಸಿದ ಬೆಟ್ಜಿಗ್, ಹೆಲ್, ಮೋರ್ನರ್ ಅವರದಾಯಿತು. ಸುಮಾರು ೨೦೦ ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೆಳಕಿನಿಂದ ಬೇರೆಯಾಗಿ ಕಾಣಲಾಗದೆಂಬ ಎಲ್ಲೆಯನ್ನು ೧೮೭೩ರಲ್ಲಿ ಜರ್ಮನಿಯ ಎರ್ನ್ಸ್ಟ್ ಆಬೆ ತೋರಿಸಿದ್ದರು. ಹೊಳೆಯುವ ಅಣುಗಳ ನೆರವಿನಿಂದ ಆ ಎಲ್ಲೆಯನ್ನು ದಾಟಲಾಯಿತು.

ಹಾಗಾದರೆ ತರುಣನ ವಾದವು ಗೆದ್ದಿತೇ? ಕೋಣೆಯು ಬೆಳಗಿದ ಮಾತ್ರಕ್ಕೆ ಉಣ್ಣುವವನ ಕಣ್ಣು ಸೂಕ್ಷ್ಮದರ್ಶಕವಾಗುವುದಿಲ್ಲ. ಇರುಳಿನ ದೀಪವು ಅನ್ನವನ್ನು ತೋರಿಸುವುದರ ಜೊತೆಗೆ ಹುಳುಗಳನ್ನೂ ಕರೆಯುತ್ತದೆ. ಹೊಸ ದೀಪಕ್ಕೆ ಅವು ಕಡಿಮೆ ಬಂದಾವು, ಬಾರದೆ ಇರವು. ಆದರೆ ತರುಣನು ಮತ್ತೊಂದು ಮಾತನ್ನು ಹೇಳಬಲ್ಲನು: "ಕಣ್ಣಿಗೆ ಕಾಣದ ಜೀವಿಗಳು ಹಗಲಿನಲ್ಲಿಯೂ ಇವೆಯಲ್ಲ!" ಇದು ನಿಜ. ಕಾಣುವುದೊಂದನ್ನೇ ಆಧಾರವಾಗಿಟ್ಟರೆ ವ್ರತವು ಪ್ರತಿಯೊಂದು ಹೊಸ ಯಂತ್ರದೊಡನೆ ವಾದಿಸುತ್ತಿರಬೇಕಾದೀತು.

ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ದೀಪ ಹಚ್ಚಿ ಉಣ್ಣುವವನನ್ನು ನೆನೆದಿದ್ದಾರೆ. ಅನ್ನದಲ್ಲಿ ಸೇರಿದ ಸೂಕ್ಷ್ಮಜೀವಿಗಳ ಹಿಂಸೆ ಅವನಿಗೂ ತಪ್ಪದೆಂದಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಹಗಲಿನ ಊಟಕ್ಕಿಂತ ಇರುಳಿನ ಊಟದಲ್ಲಿ ರಾಗವು ಹೆಚ್ಚೆಂದೂ ತಿಳಿಸಿದ್ದಾರೆ. ಪ್ರಶ್ನೆಯ ಬೇರು ಇರುವುದು ಇಲ್ಲಿಯೇ. ಆತ್ಮದಲ್ಲಿ ರಾಗಾದಿಗಳು ಏಳುವುದೇ ಹಿಂಸೆಯ ಮೂಲವೆಂದು ಅವರ ಮತ. ಸೂರ್ಯನಿಗೆ ಅಸ್ತವುಂಟು; ಹೊಸ ದೀಪಕ್ಕೆ ಅಸ್ತವಿಲ್ಲ. ಅಸ್ತವಿಲ್ಲದ ಬೆಳಕಿನಲ್ಲಿ ನಾಲಗೆಯ ಬಯಕೆಗೂ ಅಸ್ತವಿಲ್ಲವಾದೀತು. ದೀಪವು ಪ್ರಖರವಾದಷ್ಟೂ, "ಇಲ್ಲಿಗೆ ಸಾಕು" ಎಂದು ಮನಸ್ಸು ತಾನೇ ಹಾಕಿಕೊಳ್ಳುವ ಗೆರೆಯು ಹೆಚ್ಚು ಬೇಕಾಗುತ್ತದೆ.

ಇದರಿಂದ ವಿಜ್ಞಾನವನ್ನು ಹಳಿದಂತಾಗಲಿಲ್ಲ. ಸೂಕ್ಷ್ಮದರ್ಶಕವು ಒಂದು ಹನಿ ನೀರಿನ ಜೀವರಾಶಿಯನ್ನು ತೋರಿಸಿದಾಗ ಶ್ರಾವಕನ ಕರುಣೆ ಹಿಗ್ಗಬೇಕು; ಹೆಚ್ಚು ಕಂಡವನ ಹೊಣೆಯೂ ಹೆಚ್ಚು. ದುಡಿಯುವ ತರುಣನು ಬುತ್ತಿಯನ್ನು ಒಯ್ದು ಹೊತ್ತಿರುವಾಗಲೇ ಉಣ್ಣಲಿ. ಇರುಳು ಮನೆಗೆ ಬಂದು ಅದೇ ಶುಭ್ರವಾದ ದೀಪದ ಕೆಳಗೆ ಸ್ವಾಧ್ಯಾಯಕ್ಕೆ ಕುಳಿತುಕೊಳ್ಳಲಿ. ಆಗ ಆ ಬೆಳಕೂ ಸಾರ್ಥಕ, ವ್ರತವೂ ಸಾರ್ಥಕ.